ಹಾಲಿಲ್ಲದ ಅಡುಗೆ: ಬರೆದದ್ದು, ಬರೆಯದೆ ಬಿಟ್ಟದ್ದು

ಬೆಂಗಳೂರಿನ ತಿಲಕ್ ನಗರದ ನಮ್ಮ ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕಕ್ಕೆ ಮೂರು ವೀಗನ್ ಅಡುಗೆ ಪುಸ್ತಕಗಳು ಒರಗಿ ನಿಂತು ಎರಡು ವರ್ಷವಾಯಿತು. ಮಗಳು ಒಂದು ದಿನ ಇದ್ದಕ್ಕಿದ್ದಂತೆ ಹಾಲು, ಮೊಸರು, ತುಪ್ಪ, ಜೇನು ಎಲ್ಲವನ್ನೂ ಬಿಟ್ಟಳು. ಬಿಟ್ಟವಳು ಅವಳು, ಪರದಾಟ ನನ್ನದು. ಹೊಸ ಪುಸ್ತಕಗಳನ್ನು ನೋಡಿಕೊಂಡು ಅಡುಗೆ ಮಾಡಿದೆ, ಕೆಡಿಸಿದೆ, ಮತ್ತೆ ಮಾಡಿದೆ. ಹಾಗೇ ಹಳೆಯ ಪುಸ್ತಕಗಳಲ್ಲಿ ಏನಿದೆ ಎಂದು ಹುಡುಕುವ ಚಟವೂ ಹತ್ತಿತು.

ಹುಡುಕಾಟದಲ್ಲಿ ಮೊದಲು ಬೆಚ್ಚಿಬೀಳಿಸಿದ್ದು ಇಡ್ಲಿ. ‘ಇಡ್ಡಲಿಗೆ’ ಎಂಬ ಮಾತು ಶಿವಕೋಟ್ಯಾಚಾರ್ಯರ ‘ವಡ್ಡಾರಾಧನೆ’ಯಲ್ಲಿ, ಅಂದರೆ 10ನೇ ಶತಮಾನದಲ್ಲೇ ಇದೆ. ಅದನ್ನು ಮಾಡುವ ಬಗೆಯನ್ನು ಬರೆದವನು ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ, 1025ರ ‘ಲೋಕೋಪಕಾರ’ದಲ್ಲಿ. ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ಅವರು ವಿವರಿಸುವ ಪ್ರಕಾರ ಆ ಇಡ್ಡಲಿಗೆಯಲ್ಲಿ ಉದ್ದಿನಬೇಳೆ ನೆನೆಯುವುದು ಮಜ್ಜಿಗೆಯಲ್ಲಿ. ರುಬ್ಬಿದ ಮೇಲೆ ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರುತ್ತವೆ. ಅಕ್ಕಿಯ ಸುದ್ದಿಯೇ ಇಲ್ಲ. ಇವತ್ತು ‘ಇಡ್ಲಿ ವೀಗನ್ ತಾನೇ?’ ಎಂದು ಯಾರಾದರೂ ಕೇಳಿದರೆ ಕಣ್ಣುಮುಚ್ಚಿ ಹೌದು ಎನ್ನುತ್ತೇವೆ. ಸಾವಿರ ವರ್ಷದ ಹಿಂದೆ ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು. ಇಡ್ಲಿಯಿಂದ ಮಜ್ಜಿಗೆ ಯಾವಾಗ ಇಳಿದುಹೋಯಿತೋ, ಇಳಿಸಿದವರಿಗೆ ಯಾವ ಸಿದ್ಧಾಂತವೂ ಬೇಕಾಗಿರಲಿಲ್ಲ.

ಮುಂದಿನ ದೊಡ್ಡ ನಿಲ್ದಾಣ 16ನೇ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ವಾರ್ಧಕ ಷಟ್ಪದಿಯಲ್ಲಿ ಬರೆದ ಅಡುಗೆ ಪುಸ್ತಕ! ಮಂಗರಸ ಜೈನ, ಹಾಗಾಗಿ ಪುಸ್ತಕದಲ್ಲಿ ಮಾಂಸದ ಸುಳಿವಿಲ್ಲ. ಬದನೆ, ಹಲಸು, ಬಾಳೆಗಳ ಪಲ್ಯಗಳೇ ಸಾಲುಸಾಲು. ಆದರೆ ಹಾಲು, ಮೊಸರು, ತುಪ್ಪಗಳಿಗೆ ಅಲ್ಲಿ ಲೆಕ್ಕವಿಲ್ಲ. ಕೈಯಲ್ಲಿ ಅಧಿಕಾರ ಇದ್ದವನು ಬರೆದ ಪುಸ್ತಕ, ಹಾಗೆಯೇ ಇದೆ. ನಮ್ಮ ಬರವಣಿಗೆಯ ಅಡುಗೆಯೆಲ್ಲ ಹೀಗೆ ಹಬ್ಬದ, ಅರಮನೆಯ, ದೇವಸ್ಥಾನದ ಅಡುಗೆ. ಹುರುಳಿ ಕಟ್ಟಿನ ಸಾರನ್ನು ಷಟ್ಪದಿಗೆ ಕೂರಿಸುವ ಅಗತ್ಯ ಯಾರಿಗಿತ್ತು?

ಧರ್ಮದ ಕಟ್ಟುಪಾಡುಗಳಲ್ಲಿ ಹಾಲು ಬಿಡುವ ಸಂಪ್ರದಾಯ ಇದೆಯೇ ಎಂದರೆ, ಮಾಧ್ವರ ಚಾತುರ್ಮಾಸ್ಯದಲ್ಲಿ ಇದೆ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲು ಇಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳು ಇಲ್ಲ. ನೋಡಿ ಇದರ ಜಾಣತನ: ಮೊಸರು ಬಿಟ್ಟ ತಿಂಗಳು ಹಾಲಿದೆ, ಹಾಲು ಬಿಟ್ಟ ತಿಂಗಳು ಮೊಸರಿದೆ, ತುಪ್ಪ ಮಾತ್ರ ನಾಲ್ಕು ತಿಂಗಳೂ ಅಲ್ಲಾಡುವುದಿಲ್ಲ. ಆದರೂ ಈ ವ್ರತ ಅಡುಗೆಯವರ ಕೈಯನ್ನು ಚೆನ್ನಾಗಿ ಪಳಗಿಸಿತು. ಬೇಳೆ ಇಲ್ಲದೆ, ಮೊಸರಿಲ್ಲದೆ ಒಂದು ಊಟವನ್ನು ರುಚಿಗೆ ಏರಿಸುವುದು ಹೇಗೆಂದು ಉಡುಪಿಯ ಬಾಣಸಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

‘ವೀಗನ್’ ಎಂಬ ಪದಕ್ಕೆ ಬರೋಣ. 1944ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸೊಸೈಟಿ ಕಟ್ಟಿದರು. ‘ವೆಜಿಟೇರಿಯನ್’ ಪದದ ತಲೆ ಮತ್ತು ಬಾಲ ಸೇರಿಸಿ, ನಡುವನ್ನು ಬಿಟ್ಟು, ಹೆಸರು ಮಾಡಿಕೊಂಡರು. ಎರಡೇ ವರ್ಷಕ್ಕೆ, 1946ರಲ್ಲಿ, ಫೇ ಹೆಂಡರ್ಸನ್ ಅವರ ವೀಗನ್ ಅಡುಗೆ ಪುಸ್ತಕ ಬಂತು. ಯುದ್ಧ ಮುಗಿದರೂ ಅಲ್ಲಿ ಪಡಿತರ ಮುಗಿದಿರಲಿಲ್ಲ. ಬೆಣ್ಣೆ, ಮೊಟ್ಟೆ ಎಲ್ಲರಿಗೂ ಅಪರೂಪವಾಗಿದ್ದ ಕಾಲದಲ್ಲಿ ಅವಿಲ್ಲದ ಅಡುಗೆಯ ಪುಸ್ತಕ. ಅಮೆರಿಕದಲ್ಲಿ ಫ್ರೇಯಾ ದಿನ್ಶಾ 1965ರಲ್ಲಿ ಅಂಥದೇ ಪುಸ್ತಕ ಬರೆದರು.

ಅದೇ 1940ರ ದಶಕದಲ್ಲಿ ಬೆಂಗಳೂರಿನಲ್ಲಿ ಏನಾಗುತ್ತಿತ್ತು? ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಜೀವರಸಾಯನ ವಿಭಾಗದಲ್ಲಿ ವಿ. ಸುಬ್ರಹ್ಮಣ್ಯನ್, ಎಸ್.ಎಸ್. ಡೇ, ಎಚ್.ಎಸ್.ಆರ್. ದೇಶಿಕಾಚಾರ್ ಮೊದಲಾದವರು ಸೋಯಾ ಹಾಲು ಮಾಡಿ, ಅದರ ಪೌಷ್ಟಿಕತೆಯನ್ನು ಅಳೆಯುತ್ತಿದ್ದರು. ಪ್ರಾಣಿದಯೆಗಾಗಿ ಅಲ್ಲ. ದೇಶದ ಮಕ್ಕಳಿಗೆ ಹಾಲು ಸಾಲದು ಎಂಬ ಲೆಕ್ಕಾಚಾರ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಶುರುವಾದಾಗ ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರಾದರು. ಅಲ್ಲಿಂದ ಬಂದದ್ದು ‘ಮಿಲ್ಟೋನ್’: ಕಡಲೆಕಾಯಿಯ ಪ್ರೋಟೀನನ್ನು ಎಮ್ಮೆ ಹಾಲಿನ ಜತೆ ಬೆರೆಸಿ ಹಾಲನ್ನು ಹಿಗ್ಗಿಸುವ ಉಪಾಯ. ಅದು ತಯಾರಾದ ಜಾಗಗಳಲ್ಲಿ ಬೆಂಗಳೂರು ಡೇರಿಯೂ ಒಂದು. ಆಮೇಲೆ 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ನಿಗಮ ಬಂತು, ಹಳ್ಳಿಹಳ್ಳಿಯಲ್ಲಿ ಸಹಕಾರ ಸಂಘ ಬಂತು, ನಂದಿನಿ ಬಂತು. ಹಾಲೇ ಹರಿದುಬರತೊಡಗಿದ ಮೇಲೆ ಕಡಲೆಕಾಯಿ ಹಾಲು ಯಾರಿಗೆ ಬೇಕು? ಇವತ್ತು ಪ್ಯಾಕೆಟ್ಟಿನಲ್ಲಿ ದುಬಾರಿ ಬೆಲೆಗೆ ಸಿಗುವ ‘ಸಸ್ಯಜನ್ಯ ಹಾಲಿ’ನ ಅಜ್ಜಂದಿರಲ್ಲಿ ಒಬ್ಬ ಬಡವರ ಮಕ್ಕಳಿಗಾಗಿ ಈ ಊರಲ್ಲೇ ಹುಟ್ಟಿದ್ದ ಎಂಬುದು ನನಗೆ ಈ ಹುಡುಕಾಟದಲ್ಲಿ ಸಿಕ್ಕ ಅತಿ ದೊಡ್ಡ ಸಂಗತಿ.

ನಮ್ಮ ಬಡಾವಣೆಯಿಂದ ಡೇರಿ ಸರ್ಕಲ್ ನಡೆದು ಹೋಗುವಷ್ಟು ದೂರ. ಇನ್ನೊಂದಿಷ್ಟು ಆಚೆ ಆಡುಗೋಡಿಯಲ್ಲಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ ಇದೆ. 1927ರಲ್ಲಿ ಅದು ಇಂಪೀರಿಯಲ್ ಹೆಸರಿನಲ್ಲಿದ್ದಾಗ, ಆರೋಗ್ಯ ಸುಧಾರಿಸಿಕೊಳ್ಳಲು ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಗೋಪಾಲನೆಯ ಪಾಠ ಕಲಿತರು. ಇದೇ ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ಬಿಟ್ಟವರು. 1919ರಲ್ಲಿ ಕಾಯಿಲೆಯಲ್ಲಿದ್ದಾಗ, ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆ ಮಾತ್ರ ಎಂಬ ವಾದದ ಮೇಲೆ ಮೇಕೆ ಹಾಲಿಗೆ ಒಪ್ಪಿದವರು. ಆ ಒಪ್ಪಿಗೆ ಅವರನ್ನು ಕೊನೆವರೆಗೂ ಚುಚ್ಚಿತು. ವೀಗನ್ ಆಗಲು ಹೊರಟು ಸೋತ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಜತೆಗಾರ ಸಿಗಲಾರ.

ಈಗಿನ ಪುಸ್ತಕಗಳ ವಿಚಾರ. 2007ರ ‘ವೀಗನಾಮಿಕಾನ್’ ಅಮೆರಿಕದ ದಪ್ಪ ಪುಸ್ತಕ. 2012ರಲ್ಲಿ ಅನುಪಿ ಸಿಂಗ್ಲಾ, 2015ರಲ್ಲಿ ರಿಚಾ ಹಿಂಗ್ಲೆ ಭಾರತೀಯ ವೀಗನ್ ಅಡುಗೆಯ ಪುಸ್ತಕಗಳನ್ನು ಅಲ್ಲಿಂದಲೇ ಬರೆದರು. ಇವುಗಳಲ್ಲಿ ಬಹುಪಾಲು ಕೆಲಸ ಬದಲಿ ಹುಡುಕುವುದು: ಪನೀರಿಗೆ ತೋಫು, ಕೆನೆಗೆ ಗೋಡಂಬಿ. ಉತ್ತರದ ಗ್ರೇವಿಗಳಿಗೆ ಇದು ಸರಿ. ಹಿತಕಿದ ಅವರೆಯ ಹುಳಿ ತಿಂದು ಬೆಳೆದವರಿಗೆ ಬದಲಿ ಯಾತಕ್ಕೆ? ಅದಕ್ಕೆ ಹಾಲು ಸೇರಿದ್ದೇ ಇಲ್ಲವಲ್ಲ. ಜತೆಗೆ ಅಲ್ಲಿ ಒಂದಷ್ಟು ಅಡುಗೆ ಓವನ್ನಿನಲ್ಲಿ, 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಬೇಯುತ್ತದೆ. ನಮ್ಮ ಮನೆಯಲ್ಲಿರುವುದು ಎರಡು ಬರ್ನರಿನ ಒಲೆ, ಮತ್ತು ತಳದಲ್ಲಿ ಉಪ್ಪು ಹರಡಿದ ಹಳೆಯ ಕುಕ್ಕರು.

ಅಕ್ವಾಫಾಬಾ ಮಾಡಿದ ದಿನದ ಕತೆ ಹೇಳಲೇಬೇಕು. ಕಡಲೆಕಾಳು ಬೇಯಿಸಿದ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆ ಏಳುತ್ತದೆ ಎಂದು 2014ರ ಹೊತ್ತಿಗೆ ತೋರಿಸಿದವರು ಫ್ರಾನ್ಸಿನ ಜೋಯೆಲ್ ರೋಸೆಲ್. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಆ ಲ್ಯಾಟಿನ್ ಹೆಸರಿಟ್ಟರು. ಇಪ್ಪತ್ತು ನಿಮಿಷ ಕೈಯಲ್ಲೇ ಕಡೆದೆ. ನೊರೆ ಬಂತು, ನಿಜ. ಕೇಕಿಗೆ ಹಾಕುವಷ್ಟರಲ್ಲಿ ಅರ್ಧ ಇಳಿಯಿತು. ಅಷ್ಟೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, ‘ಕಟ್ಟನ್ನು ಹಾಳು ಮಾಡಿದೆಯಲ್ಲೇ’ ಎಂದರು. ಉಳಿದ ನೀರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿದರು. ರಾತ್ರಿ ಊಟಕ್ಕೆ ಕೇಕಿಗಿಂತ ಸಾರೇ ಬೇಗ ಖಾಲಿಯಾಯಿತು.

ಮೊಸರಿನ ಪ್ರಯೋಗ ಇದಕ್ಕಿಂತ ಕಷ್ಟದ್ದು. ಒಂದು ಪಾವು ಕಡಲೆಕಾಯಿ ಬೀಜ ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ನುಣ್ಣಗೆ ರುಬ್ಬಿ, ಪಂಚೆ ಬಟ್ಟೆಯಲ್ಲಿ ಹಿಂಡಿ, ತಳ ಹಿಡಿಯದಂತೆ ಕೈಯಾಡಿಸುತ್ತ ಕಾಯಿಸಬೇಕು. ಉಗುರುಬೆಚ್ಚಗಾದ ಮೇಲೆ ಹಸಿಮೆಣಸಿನಕಾಯಿಯ ಐದಾರು ತೊಟ್ಟು ಅದರಲ್ಲಿ ಮುಳುಗಿಸಿ ಮುಚ್ಚಿಡಬೇಕು. ತೊಟ್ಟಿನ ಮೇಲಿರುವ ಬ್ಯಾಕ್ಟೀರಿಯಾಗಳೇ ಹೆಪ್ಪು. ಬೆಳಗ್ಗೆ ನೋಡಿದರೆ ಮೇಲೆ ಗಡ್ಡೆ, ಕೆಳಗೆ ನೀರು. ಕಾರಣ ಕೆಟ್ಟ ಕೈಗುಣ ಅಲ್ಲ. ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಇದೆ, ಹುಳಿ ತಾಗಿದಾಗ ಅದು ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತದೆ. ಕಡಲೆಕಾಯಿಯ ಪ್ರೋಟೀನ್ ಗಂಟುಗಟ್ಟುತ್ತದೆ, ನೀರನ್ನು ಕೈಬಿಡುತ್ತದೆ. ಎರಡನೆಯ ಸಲ ಒಂದು ಹಿಡಿ ಗೋಡಂಬಿ ಸೇರಿಸಿದೆ, ಸ್ವಲ್ಪ ಪರವಾಗಿಲ್ಲ. ನನ್ನ ತೀರ್ಪು: ಮಜ್ಜಿಗೆ ಹುಳಿಗೆ ಧಾರಾಳವಾಗಿ ನಡೆಯುತ್ತದೆ, ಮೊಸರನ್ನಕ್ಕೆ ನಡೆಯುವುದಿಲ್ಲ.

ಕಾಫಿಯದೂ ಅದೇ ಪಾಡು. ಬಿಸಿ ಡಿಕಾಕ್ಷನ್‌ಗೆ ಸೋಯಾ ಹಾಲು ಸುರಿದರೆ ಒಡೆಯುತ್ತದೆ, ಡಿಕಾಕ್ಷನ್‌ನ ಹುಳಿ ಮತ್ತು ಬಿಸಿ ಎರಡೂ ಅದಕ್ಕೆ ಆಗದು. ಹಾಲನ್ನು ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನ್ ನಿಧಾನ ಬಿಟ್ಟರೆ ತಡೆಯುತ್ತದೆ. ಕೊಡಗು ಮಲೆನಾಡಿನವರ ಹಾಲಿಲ್ಲದ ಬೆಲ್ಲದ ಕಾಫಿಗೆ ಈ ತಾಪತ್ರಯವೇ ಇಲ್ಲ.

ಅಲ್ಲಿಗೆ ಎರಡು ವರ್ಷದ ಲೆಕ್ಕ ನೋಡಿದರೆ, ನಮ್ಮ ಅಡುಗೆಮನೆಗೆ ಹೊಸ ಪುಸ್ತಕ ಬೇಕಾದದ್ದು ಮೂರೇ ಜಾಗದಲ್ಲಿ: ಮೊಸರನ್ನ, ಕಾಫಿ, ತುಪ್ಪ. ಉಳಿದದ್ದೆಲ್ಲ ಮೊದಲೇ ಇತ್ತು. ಮುದ್ದೆ ಬಸ್ಸಾರು, ಅಕ್ಕಿರೊಟ್ಟಿ ಹುಚ್ಚೆಳ್ಳು ಚಟ್ನಿ, ಪತ್ರೊಡೆ, ಅಪ್ಪೆಹುಳಿ, ಒತ್ತುಶ್ಯಾವಿಗೆ ಕಾಯಿಹಾಲು. ಹೆಸರಿನಲ್ಲೇ ಹಾಲಿರುವ ಹಾಲುಬಾಯಿಗೂ ಬೀಳುವುದು ರಾಗಿಯ ಅಥವಾ ಅಕ್ಕಿಯ ಹಾಲು, ತೆಂಗಿನ ಹಾಲು. ಕನ್ನಡದ ‘ಹಾಲು’ ಕೆಚ್ಚಲಿಗೆ ಮಾತ್ರ ಕಟ್ಟುಬಿದ್ದ ಪದವಲ್ಲ. 2021ರಲ್ಲಿ ಸಸ್ಯಪಾನೀಯಗಳನ್ನು ‘ಹಾಲು’ ಎಂದು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದಾಗಲೂ ತೆಂಗಿನ ಹಾಲಿನಂಥ ರೂಢಿಯ ಹೆಸರುಗಳಿಗೆ ವಿನಾಯಿತಿ ಇತ್ತು. 2022ರಲ್ಲಿ ಅದೇ ಪ್ರಾಧಿಕಾರ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ ತಂದಿತು, ಹಸಿರು ‘ವಿ’ ಗುರುತು ಬಂತು. ಹಳೆಯ ಹಸಿರು ಚುಕ್ಕೆ ಸಾಕಲ್ಲ ಎನ್ನುವವರು ಇದನ್ನು ತಿಳಿದಿರಬೇಕು: ಹಸಿರು ಚುಕ್ಕೆಯ ಬಿಸ್ಕತ್ತಿನಲ್ಲಿ ಹಾಲಿನ ಪುಡಿ ಇರಬಹುದು, ಜೇನೂ ಇರಬಹುದು.

ಹಾಲಿಲ್ಲದ ಈ ಅಡುಗೆ ನಮ್ಮಲ್ಲಿ ಯಾಕೆ ಪುಸ್ತಕ ಸೇರಲಿಲ್ಲ? ಇದು ಆರಿಸಿಕೊಂಡ ಅಡುಗೆಯಲ್ಲ, ಇಲ್ಲದವರ ಅಡುಗೆ. ಹಾಲು ಮಾರಲಿಕ್ಕೆ, ತುಪ್ಪ ಹಬ್ಬಕ್ಕೆ, ನೆಂಟರಿಗೆ. ಮಾವಳ್ಳಿಯ ಎಂಟಿಆರ್ ಹೋಟೆಲಿನಲ್ಲಿ ತುಪ್ಪದ ಬಟ್ಟಲು ನೋಡಿದಾಗ ಬರುವ ಸಂಭ್ರಮದಲ್ಲೂ ಆ ಇಲ್ಲದ ಕಾಲದ ನೆನಪು ಇದೆ. ಹಾಗಾಗಿ ‘ವೀಗನ್ ಎಂದರೆ ಇನ್ನೂ ಮಡಿಯ ಸಸ್ಯಾಹಾರ’ ಎಂದು ತಿಳಿಯುವುದು ತಪ್ಪು. ಅದು ಹೆಚ್ಚು ತೊಂದರೆ ಕೊಡುವುದು ಮಡಿ ಅಡುಗೆಮನೆಗೇ. ನಮ್ಮ ತಿಲಕ್ ನಗರದಲ್ಲಿ ಮಾಂಸದಂಗಡಿಗಳ ಸಾಲೇ ಇದೆ. ಆದರೆ ನಮ್ಮ ಮನೆಯ ವೀಗನ್ ಹುಡುಗಿಗೆ ಅತ್ಯುತ್ತಮ ಊಟ ಸಿಕ್ಕಿದ್ದು ಪಕ್ಕದ ಮನೆಯ ದಖ್ಖನಿ ಮಾತಾಡುವ ಆಂಟಿಯ ಬಗಾರಾ ಬೈಂಗನ್‌ನಲ್ಲಿ. ಕಡಲೆಕಾಯಿ, ಎಳ್ಳು, ಕೊಬ್ಬರಿ, ಹುಣಸೆ, ಎಣ್ಣೆ, ಅಷ್ಟೇ. ಹುಬ್ಬಳ್ಳಿ ಕಡೆಯ ಎಣ್ಣೆಗಾಯಿಗೆ ಅದು ಖಾಸಾ ದಾಯಾದಿ. ಮಂಗರಸನ ಬದನೆಗಳಿಗೂ ದೂರದ ನೆಂಟಸ್ತಿಕೆ ಇದ್ದೀತು, ತುಪ್ಪ ಕಳೆದು.

ಒಂದು ಎಚ್ಚರಿಕೆ ಮಾತ್ರ ಯಾವ ಅಜ್ಜಿಯ ಅಡುಗೆಯೂ ಕೊಡುವುದಿಲ್ಲ. ಬಿ-12 ಜೀವಸತ್ವಕ್ಕೆ ಬರೀ ಸಸ್ಯಮೂಲದ ಆಹಾರದಲ್ಲಿ ನಂಬಬಹುದಾದ ಮೂಲ ಇಲ್ಲ. ಹಾಲನ್ನು ಪೂರ್ತಿ ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು, ನಮ್ಮ ಮನೆಯಲ್ಲೂ ತೆಗೆದುಕೊಳ್ಳುತ್ತಾರೆ.

ಓದುಗರಲ್ಲಿ ಕೇಳುವುದು ಇಷ್ಟೇ. ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ, ಹಬ್ಬದ ಅಡುಗೆ ಕೇಳಬೇಡಿ, ಅದು ಎಲ್ಲ ಪುಸ್ತಕದಲ್ಲೂ ಇದೆ. ಮನೆಯಲ್ಲಿ ಹಾಲು ಕರೆಯುವ ದನ ಇಲ್ಲದ ವರ್ಷ ಏನು ಬೇಯಿಸುತ್ತಿದ್ದಿರಿ ಎಂದು ಕೇಳಿ, ಅಳತೆ ಸಮೇತ ಬರೆದಿಟ್ಟುಕೊಳ್ಳಿ.