ಪಿಸ್ತೂಲಿನ ಒರೆ

ಹಳೆಯ ಆಯುಧಗಳನ್ನು ಕೂಡಿಡುವ ಮಹನೀಯರು ಪಿಸ್ತೂಲಿಗೆ ಸಲ್ಲಿಸುವ ಮನ್ನಣೆಯನ್ನು ಅದರ ಒರೆಗೆ ಸಲ್ಲಿಸುವುದು ವಿರಳ. ಆದರೆ ಆಯುಧವು ಕೈಬಿಟ್ಟುಹೋದ ಬಳಿಕವೂ ಅದರ ಆಕಾರವನ್ನು ಉಳಿಸಿಕೊಂಡಿರುವುದು ಆ ಚರ್ಮವೇ.

ಈ ಮಾತಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸೀಮೆಯನ್ನು ನಾವು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. 1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾಗುವವರೆಗೆ ಮೊದಲ ಮೂರು ಊರುಗಳು ಶಿವಮೊಗ್ಗಕ್ಕೂ, ಕೊನೆಯದು ಚಿತ್ರದುರ್ಗಕ್ಕೂ ಸೇರಿದ್ದುವು. 1830–31ರಲ್ಲಿ ಕಂದಾಯದ ಹೊರೆಯನ್ನು ತಾಳಲಾರದೆ ನಗರದ ಸೀಮೆಯ ರೈತರು ದಂಗೆಯೆದ್ದರು, ಬೂದಿ ಬಸವಪ್ಪನು ನಗರದ ಗಾದಿಗೆ ತಾನೇ ಹಕ್ಕುದಾರನೆಂದು ಮುಂದೆ ಬಂದನು, ಹೊನ್ನಾಳಿಯಲ್ಲಿಯೂ ಕದನವಾಯಿತು. ಅದರ ಫಲವಾಗಿ 1831ರಲ್ಲಿ ಮೈಸೂರಿನ ಆಡಳಿತವೇ ಇಂಗ್ಲಿಷರ ಕೈಸೇರಿತು. ಇಂತಹ ಊರಿನ ಅಟ್ಟದ ಮೇಲೆ ದೊರೆತ ಒಂದು ಒರೆಯನ್ನು ದಂಗೆಯ ಕಾಲದ್ದೆಂದು ಯಾರಾದರೂ ತೋರಿಸಿದರೆ, ನಂಬುವುದು ಬಹಳ ಸುಲಭ.

ಅಂದಿನ ಸವಾರನ ಪಿಸ್ತೂಲು ಚಕಮಕಿ ಕಲ್ಲಿನದು. ಒಮ್ಮೆ ಹಾರಿಸಿದರೆ ಮತ್ತೆ ಮದ್ದು ತುಂಬಬೇಕು. ಆದುದರಿಂದ ಎರಡನ್ನು ಜೊತೆಯಾಗಿ, ಜೀನಿನ ಮುಂದೆ ಎರಡು ಮಗ್ಗುಲಿಗೂ ತೂಗುಬಿಟ್ಟ ನೀಳವಾದ ಒರೆಗಳಲ್ಲಿ ಇಡುತ್ತಿದ್ದರು. ಆದರೆ ನಮ್ಮ ಕೈಯ ಒರೆಗೆ ಸೊಂಟಪಟ್ಟಿಯ ಕುಣಿಕೆಯಿದ್ದು, ನಡುವೆ ಚರ್ಮವು ಉಬ್ಬಿದ್ದರೆ? ಆ ಉಬ್ಬು ಸುತ್ತುವ ಗುಂಡುಕೋಶದ ಗುರುತು. ಅದು ರಿವಾಲ್ವರಿನ ಒರೆ. ಕೋಲ್ಟ್ ಮತ್ತು ಆಡಮ್ಸ್ ರಿವಾಲ್ವರುಗಳು ಲಂಡನ್ನಿನ ಮಹಾಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದುದು 1851ರಲ್ಲಿ. ಹೊನ್ನಾಳಿಯ ಕದನಕ್ಕೆ ಅದು ಇಪ್ಪತ್ತು ವರ್ಷ ತಡವಾಗಿ ಬಂದಿತು!

ಉಬ್ಬಿನ ಮುಂದಿನ ಅಂಚಿನಿಂದ ತುದಿಯವರೆಗೆ ಅಳೆದರೆ ನಳಿಗೆಯ ಉದ್ದವು ಹೆಚ್ಚುಕಡಮೆ ತಿಳಿಯುತ್ತದೆ. 1899ರ ವೆಬ್ಲಿಗೆ ಸಾಮಾನ್ಯವಾಗಿ ನಾಲ್ಕು ಅಂಗುಲ, 1915ರ ವೆಬ್ಲಿಗೆ ಆರು, 1932ರಲ್ಲಿ ಸೇನೆ ಸ್ವೀಕರಿಸಿದ ಎನ್‌ಫೀಲ್ಡಿಗೆ ಐದು. ಒಳಗೆ ಕಾಗದದ ಸುರುಳಿಯನ್ನು ಇಳಿಸಿ ಅಳೆಯುವುದು ಲೇಸು. ಚರ್ಮವನ್ನು ನೀರಿನಲ್ಲಿ ನೆನೆಸಿ, ಕೈಗೆ ಸಿಕ್ಕ ಪಿಸ್ತೂಲನ್ನು ಅದರೊಳಗೆ ತುರುಕುವವರು ಕೆಲವರುಂಟು. ಅವರು ಸಾಕ್ಷಿಯ ಬಾಯಲ್ಲಿ ತಮ್ಮ ಮಾತನ್ನು ತುರುಕುತ್ತಾರೆ. ಬಳಿಕ ಯಾವ ಉಬ್ಬು ಯಾರದೆಂದು ಹೇಳಲು ಯಾರಿಂದಲೂ ಆಗದು.

ಬಣ್ಣವನ್ನು ಮಾತ್ರ ನಂಬಬಾರದು. ಜಗಳೂರಿನಂತಹ ಒಣಭೂಮಿಯ ತಂಗಡಿ ಗಿಡದ ತೊಗಟೆಯಿಂದ ದಕ್ಷಿಣ ದೇಶದಲ್ಲೆಲ್ಲಾ ಚರ್ಮ ಹದಮಾಡುತ್ತಿದ್ದರು. ಹಾಗಾಗಿ ಬಣ್ಣ ಊರನ್ನು ಹೇಳದು. ಹಿತ್ತಾಳೆಯ ಗುಂಡಿಯ ಸುತ್ತ ಕಟ್ಟಿದ ಹಸಿರು ಕಿಲುಬನ್ನು ಕಂಡು ಶತಮಾನಗಳ ಪ್ರಾಯವನ್ನು ಹೇಳುವುದೂ ಸಲ್ಲದು. ಚರ್ಮದ ಎಣ್ಣೆ ತಗುಲಿದರೆ ಅದು ಬೇಗನೆ ಮೂಡುತ್ತದೆ. ಒಳಮೈಯಲ್ಲಿ ಅಚ್ಚೊತ್ತಿದ ಬಾಣದ ಮುದ್ರೆಯೊಂದಿದ್ದರೆ, ಅದು ಸರ್ಕಾರದ ಸೇನೆಯ ಸೊತ್ತು. ಅಂಥದನ್ನು ದಂಗೆಯ ರೈತನ ಸೊಂಟಕ್ಕೆ ಕಟ್ಟುವ ಮೊದಲು, ಅದು ಅವನ ಎದುರಾಳಿಯ ಮೊಮ್ಮಗನದಾಗಿರಬಹುದೆಂಬುದನ್ನು ನೆನೆಯಬೇಕು.