ಲಿಥಿಯಂ ಬೆಂಕಿಗೆ ನೀರು ಹಾಕಬಹುದೇ?

ಶಾಲೆಯ ಲ್ಯಾಬಿನಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿಸಿಟ್ಟಿದ್ದ ಸೋಡಿಯಂ ತುಂಡು ನಿಮಗೂ ನೆನಪಿರಬಹುದು. ನೀರಿಗೆ ಹಾಕಿದರೆ ಚುಂಯ್ ಅಂತ ಓಡಾಡಿ ಹೊತ್ತಿಕೊಳ್ಳುತ್ತಿತ್ತಲ್ಲ, ಅದೇ. ಲಿಥಿಯಂ ಕೂಡ ಅದೇ ಮನೆತನದ್ದು. ಹಾಗಾಗಿ ಲಿಥಿಯಂ ಬ್ಯಾಟರಿಗೆ ಬೆಂಕಿ ಬಿದ್ದರೆ ಅಪ್ಪಿತಪ್ಪಿಯೂ ನೀರು ಹಾಕಬಾರದು ಅಂತ ತುಂಬಾ ಜನ ನಂಬಿದ್ದಾರೆ. ಈ ನಂಬಿಕೆ ಎಲ್ಲಿಂದ ಬಂತು, ಈಗ ಯಾಕೆ ಸರಿಯಲ್ಲ ಅಂತ ತಿಳಿಯಲು ಸುಮಾರು ಐವತ್ತು ವರ್ಷ ಹಿಂದೆ ಹೋಗಬೇಕು.

1970ರ ದಶಕದಲ್ಲಿ ಅಮೆರಿಕದ ಎಕ್ಸಾನ್ ಕಂಪನಿಯಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿ ತಯಾರಿಸಿದರು. ಅದರಲ್ಲಿ ಇದ್ದದ್ದು ಅಪ್ಪಟ ಲಿಥಿಯಂ ಲೋಹ. ಪದೇ ಪದೇ ಚಾರ್ಜ್ ಮಾಡಿದಂತೆಲ್ಲ ಲೋಹದಿಂದ ಕೂದಲೆಳೆಯಂಥ ಮೊಳಕೆಗಳು ಬೆಳೆದು ಆಚೆ ಬದಿಯನ್ನು ಮುಟ್ಟುತ್ತಿದ್ದವು. ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್! ಬೆಂಕಿ ಆರಿಸಲು ಮತ್ತೆ ಮತ್ತೆ ಬಂದು ಬೇಸತ್ತ ಅಗ್ನಿಶಾಮಕ ದಳದವರು, ಲಿಥಿಯಂ ಬೆಂಕಿಗೆ ಬೇಕಾದ ವಿಶೇಷ ರಾಸಾಯನಿಕದ ಖರ್ಚನ್ನು ಲ್ಯಾಬಿನವರೇ ಕೊಡಬೇಕಾಗುತ್ತದೆ ಅಂತ ಎಚ್ಚರಿಸಿದರಂತೆ. ಆಗ ನೀರು ನಿಜಕ್ಕೂ ಶತ್ರುವೇ.

ಆದರೂ ಲಿಥಿಯಂ ಲೋಹದ ಆಸೆ ಬಿಡಲಿಲ್ಲ. ಕೆನಡಾದ ಮೋಲಿ ಎನರ್ಜಿ ಅಂಥ ಬ್ಯಾಟರಿಗಳನ್ನು ಮಾರುಕಟ್ಟೆಗೇ ತಂದಿತು. ಜಪಾನಿನಲ್ಲಿ ಫೋನಿನ ಬ್ಯಾಟರಿಗೆ ಬೆಂಕಿ ಹತ್ತಿ, 1989ರಲ್ಲಿ ಅವನ್ನೆಲ್ಲ ವಾಪಸ್ ಪಡೆಯಬೇಕಾಯಿತು.

ಅಷ್ಟರಲ್ಲಿ ಜಪಾನಿನಲ್ಲೇ ಅಕಿರಾ ಯೋಶಿನೋ ಬೇರೆ ದಾರಿ ಹಿಡಿದಿದ್ದರು. ಜಾನ್ ಗುಡ್‌ಇನಫ್ 1980ರಲ್ಲಿ ತೋರಿಸಿಕೊಟ್ಟ ಕೋಬಾಲ್ಟ್ ಆಕ್ಸೈಡನ್ನು ಒಂದು ಬದಿಗಿಟ್ಟು, ಇನ್ನೊಂದು ಬದಿಯ ಲಿಥಿಯಂ ಲೋಹವನ್ನೇ ಕಿತ್ತುಹಾಕಿ ಅಲ್ಲಿ ಇಂಗಾಲವನ್ನಿಟ್ಟರು. ಆಮೇಲೆ ಬ್ಯಾಟರಿಯ ಮೇಲೆ ಭಾರಿ ಕಬ್ಬಿಣದ ತುಂಡು ಬೀಳಿಸಿ ನೋಡಿದರು. ಏನೂ ಆಗಲಿಲ್ಲ. ಲಿಥಿಯಂ ಲೋಹದ ಬ್ಯಾಟರಿಯ ಮೇಲೆ ಅದನ್ನೇ ಬೀಳಿಸಿದಾಗ ಢಮಾರ್! ಸೋನಿ 1991ರಲ್ಲಿ ಮಾರಾಟಕ್ಕೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಇದೇ ಜಾತಿಯದು. ಮೂವರಿಗೂ 2019ರಲ್ಲಿ ನೊಬೆಲ್ ಬಂತು.

ಹಾಗಾದರೆ ಈಗಲೂ ಯಾಕೆ ಹೊತ್ತಿಕೊಳ್ಳುತ್ತವೆ? ಲೋಹ ಹೋಯಿತು, ಆದರೆ ಒಳಗಿರುವ ದ್ರಾವಣ ಸುಡುವಂಥದ್ದು. ಪೆಟ್ಟು ಬಿದ್ದರೆ, ಅತಿಯಾಗಿ ಚಾರ್ಜ್ ಆದರೆ, ತಯಾರಿಕೆಯಲ್ಲಿ ಲೋಹದ ಚೂರು ಸೇರಿದರೆ ಒಂದು ಸೆಲ್ ತನ್ನಷ್ಟಕ್ಕೆ ಕಾಯುತ್ತಾ ಹೋಗಿ ಪಕ್ಕದ್ದನ್ನೂ ಕಾಯಿಸುತ್ತದೆ. ಸೋನಿ ಸೆಲ್ಲುಗಳಲ್ಲಿ ಇಂಥ ಚೂರು ಸೇರಿದ್ದಕ್ಕೇ 2006ರಲ್ಲಿ ಡೆಲ್ ಕಂಪನಿ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿ ವಾಪಸ್ ಕರೆಸಿತು. 2013ರಲ್ಲಿ ಡ್ರೀಮ್‌ಲೈನರ್ ವಿಮಾನಗಳ ಬ್ಯಾಟರಿ ಸುಟ್ಟಾಗ ಏರ್ ಇಂಡಿಯಾದ ಆರು ವಿಮಾನಗಳೂ ನೆಲಕ್ಕೆ ಅಂಟಿಕೊಂಡವು. 2022ರಲ್ಲಿ ನಮ್ಮ ದೇಶದಲ್ಲೇ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿಕೊಂಡ ಮೇಲೆ ಬ್ಯಾಟರಿಯ ಸುರಕ್ಷತಾ ನಿಯಮಗಳು ಬಿಗಿಯಾದವು.

ಇಲ್ಲಿ ಮುಖ್ಯ ವಿಷಯ ಜ್ವಾಲೆಯಲ್ಲ, ಒಳಗಿನ ಕಾವು. ಜ್ವಾಲೆ ಆರಿದರೂ ಇದು ಬೂದಿ ಮುಚ್ಚಿದ ಕೆಂಡ, ಮತ್ತೆ ಹೊತ್ತಿಕೊಳ್ಳಬಹುದು. ಕಾವು ಇಳಿಸಲು ನಮ್ಮ ಕೈಗೆ ಸಿಗುವುದರಲ್ಲಿ ನೀರೇ ಒಳ್ಳೆಯದು. ವಿಮಾನದ ಸಿಬ್ಬಂದಿಗೂ ಅಮೆರಿಕದ ವಿಮಾನಯಾನ ಇಲಾಖೆ ಹೇಳುವುದು ಇದನ್ನೇ: ಉರಿಯುವ ಫೋನು, ಲ್ಯಾಪ್‌ಟಾಪಿನ ಮೇಲೆ ನೀರು ಸುರಿಯಿರಿ, ಐಸ್ ಮುಚ್ಚಬೇಡಿ. ಯಾಕೆಂದರೆ ಐಸು ಕಂಬಳಿ ಹೊದಿಸಿದ ಹಾಗೆ, ಕಾವು ಒಳಗೇ ಉಳಿಯುತ್ತದೆ.

ಮನೆಯಲ್ಲಾದರೆ ಪ್ಲಗ್ಗಿನಲ್ಲಿರುವಾಗ ನೀರು ಹಾಕಬೇಡಿ, ಮೊದಲು ಮೇನ್ ಆಫ್ ಮಾಡಿ. ಹೊಗೆ ವಿಷ, ಕುಡಿಯಬೇಡಿ. ಸ್ಕೂಟರಿನಂಥ ದೊಡ್ಡ ಬ್ಯಾಟರಿಯಾದರೆ ಬಕೆಟ್ ಹುಡುಕುತ್ತಾ ನಿಲ್ಲದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 112ಕ್ಕೆ ಫೋನ್ ಮಾಡಿ. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಕಸದ ಬುಟ್ಟಿಗೆ ಎಸೆಯುವುದು ಯಾವುದೂ ಬೇಡ.

ನಿಮ್ಮ ಮನೆಯಲ್ಲಿ ರಾತ್ರಿ ಫೋನ್ ಚಾರ್ಜಿಗಿಡುವುದು ಎಲ್ಲಿ? ದಿಂಬಿನ ಕೆಳಗಲ್ಲ ತಾನೇ?