ಜಬಲ್ ತಾರಿಕ್: ಅಳಿಯದ ಹೆಸರು

ಜಿಬ್ರಾಲ್ಟರ್ ಇಂಗ್ಲಿಷ್ ಹೆಸರೆಂದೇ ಹಲವರ ಎಣಿಕೆ. ಅಸಲಿಗೆ ಅದು ಅರಬಿಯ 'ಜಬಲ್ ತಾರಿಕ್'. ಜಬಲ್ ಅಂದ್ರೆ ಬೆಟ್ಟ. ತಾರಿಕ್ ಅಂದ್ರೆ ರಾತ್ರಿ ಬಂದು ಬಾಗಿಲು ತಟ್ಟುವವನು. ಕುರ್‌ಆನಿನ 86ನೇ ಅಧ್ಯಾಯದಲ್ಲಿ ಇದೇ ಪದ ಇರುಳಿನ ನಕ್ಷತ್ರಕ್ಕೆ ಬಂದಿದೆ.

711ರಲ್ಲಿ ಉತ್ತರ ಆಫ್ರಿಕಾದಿಂದ ಕಡಲು ದಾಟಿ ಈ ಬೆಟ್ಟದ ಬುಡದಲ್ಲಿ ಇಳಿದವರು ತಾರಿಕ್ ಇಬ್ನ್ ಝಿಯಾದ್, ಉಮಯ್ಯದ್ ಗವರ್ನರ್ ಮೂಸಾ ಇಬ್ನ್ ನುಸೈರ್ ಅವರ ಸೇನಾನಿ. ಬೆಟ್ಟಕ್ಕೆ ಅವರ ಹೆಸರೇ ಅಂಟಿತು.

1160ರಲ್ಲಿ ಖಲೀಫ ಅಬ್ದುಲ್ ಮೂಮಿನ್ ಇಲ್ಲಿ ಊರು ಕಟ್ಟಿಸಿ 'ಮದೀನತುಲ್ ಫತಹ್' ಎಂದು ಕರೆದರು. ಅರ್ಥ ನಮ್ಮ 'ವಿಜಯನಗರ'ವೇ! ಆದ್ರೆ ಆ ಹೆಸರು ನಿಲ್ಲಲಿಲ್ಲ. 1462ರಲ್ಲಿ ಕ್ಯಾಸ್ಟೀಲ್‌ನವರು, 1704ರಲ್ಲಿ ಇಂಗ್ಲಿಷ್-ಡಚ್ ಪಡೆ ಊರು ಹಿಡಿದರೂ ಹಳೆಯ ಹೆಸರು ಸವೆಯಿತೇ ಹೊರತು ಅಳಿಯಲಿಲ್ಲ.

ದೊರೆ ಇಟ್ಟದ್ದು ಹೋಯಿತು, ಜನರ ಬಾಯಲ್ಲಿದ್ದದ್ದು ಉಳಿಯಿತು. ಊರುಗಳ ಹೆಸರು ಬದಲಿಸಲು ಹೊರಟವರು ಇದನ್ನು ನೆನಪಿಡಲಿ.